ಸಂಪಾದಕರ ಉತ್ತರ: ಕಾಡಿನ ಮಠದ ಎರಡು ಬಾಗಿಲು

ಶಿವಮೊಗ್ಗದ ಓದುಗರೊಬ್ಬರ ಪತ್ರ: "ರಷ್ಯದ ಆಪ್ಟಿನಾ ಮಠದ ಹಿರಿಯ ಸನ್ಯಾಸಿ ಅಂಬ್ರೋಸ್ ಅವರನ್ನು ಕಾಣಲು ಹೆಂಗಸರು ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ಅದೇ ಜಾಗಕ್ಕೆ ಹೆಂಗಸರು ಕಾಲಿಡುವಂತಿರಲಿಲ್ಲವಂತೆ. ಯಾವುದು ನಿಜ? ಈಗ ಹೋದರೆ ಬಿಡುತ್ತಾರಾ?"

ಎರಡೂ ನಿಜ. ಅಲ್ಲಿ ಆವರಣ ಒಂದಲ್ಲ, ಎರಡು. ಕಲೂಗಾ ಪ್ರಾಂತ್ಯದ ಕೊಜೆಲ್ಸ್ಕ್ ಊರಿನಾಚೆ, ಝಿಜ್ದ್ರಾ ನದಿಯ ದಡದಲ್ಲಿ ದೊಡ್ಡ ಮಠವಿದೆ. ಅಲ್ಲಿಂದ ಪೈನ್ ಮರಗಳ ನಡುವಿನ ದಾರಿ ಹಿಡಿದರೆ ಹತ್ತು ನಿಮಿಷದೊಳಗೆ ಸ್ಕಿತ್ ಸಿಗುತ್ತದೆ, ಅಂದರೆ ಏಕಾಂತವಾಸಿಗಳ ಪುಟ್ಟ ಆಶ್ರಮ. ರೋಸ್ಲಾವ್ಲ್ ಕಾಡುಗಳಲ್ಲಿ ತಪಸ್ಸಿಗಿದ್ದ ಮೋಸೆಸ್, ಆಂಟನಿ ಎಂಬ ಅಣ್ಣತಮ್ಮಂದಿರನ್ನು ಬಿಷಪ್ ಕರೆಸಿಕೊಂಡರು. 1821ರಲ್ಲಿ ಅವರೇ ಮರ ಕಡಿದು, ಬುಡ ಕಿತ್ತು ಇದನ್ನು ಶುರುಮಾಡಿದರು. ಹೆಂಗಸರಿಗೆ ನಿಷೇಧವಿದ್ದದ್ದು ಇಲ್ಲಿ ಮಾತ್ರ.

ಇದಕ್ಕೆ ಉಪಾಯವೂ ಇತ್ತು. ಅಂಬ್ರೋಸ್ ಅವರ ಮರದ ಮನೆ ಸ್ಕಿತ್‌ನ ಬಾಗಿಲ ಪಕ್ಕದಲ್ಲೇ, ಬೇಲಿಗೆ ಅಂಟಿಕೊಂಡಂತಿತ್ತು. ಅದಕ್ಕೆ ಸೇರಿಸಿ ಕಟ್ಟಿದ ಕೋಣೆಯ ಬಾಗಿಲು ಕಾಡಿನ ಕಡೆಗೆ ತೆರೆಯುತ್ತಿತ್ತು. ಹೆಂಗಸರು ಹೊರಗಿನಿಂದಲೇ ಬಂದು ಕೂರುತ್ತಿದ್ದರು, ಗಂಡಸರು ಒಳಗಿನಿಂದ. ನಿಯಮ ಮುರಿಯಲಿಲ್ಲ, ಬಂದವರನ್ನು ಹಿಂದಕ್ಕೂ ಕಳಿಸಲಿಲ್ಲ. ಕಾಯಿಲೆ ಬಿಡದ ಆ ಮನುಷ್ಯ ಎಷ್ಟೋ ಸಲ ಮಲಗಿದಲ್ಲಿಂದಲೇ ಮಾತಾಡುತ್ತಿದ್ದರು. ಗತಿಯಿಲ್ಲದ ಹೆಣ್ಣುಮಕ್ಕಳಿಗೆಂದು 1884ರಲ್ಲಿ ಶಮೋರ್ಡಿನೋದಲ್ಲಿ ಪ್ರತ್ಯೇಕ ಮಠವನ್ನೇ ಮಾಡಿಸಿದರು. 1891ರಲ್ಲಿ ತೀರಿಕೊಂಡದ್ದೂ ಅಲ್ಲೇ. 1910ರ ಶರತ್ಕಾಲದಲ್ಲಿ ಮನೆ ಬಿಟ್ಟು ಹೊರಟ ಟಾಲ್‌ಸ್ಟಾಯ್ ಈ ಸ್ಕಿತ್‌ನ ಹತ್ತಿರ ಅಡ್ಡಾಡಿದರೂ ಒಳಗೆ ಹೋಗದೆ, ಶಮೋರ್ಡಿನೋದಲ್ಲಿ ಸನ್ಯಾಸಿನಿಯಾಗಿದ್ದ ತಂಗಿಯ ಬಳಿಗೆ ಹೊರಟುಬಿಟ್ಟರು.

ಕ್ರಾಂತಿಯ ನಂತರ ಮಠ ಮೊದಲು ಕೃಷಿ ಸಹಕಾರ ಸಂಘವಾಯಿತು, ಆಮೇಲೆ ಮ್ಯೂಸಿಯಂ, 1939ರಲ್ಲಿ ಪೋಲಿಷ್ ಕೈದಿಗಳ ಶಿಬಿರ. ಚರ್ಚಿಗೆ ಮರಳಿದ್ದು 1987ರಲ್ಲಿ.

ಈಗ ಹೋದರೆ: ಮಠದ ಆವರಣ ಎಲ್ಲರಿಗೂ ತೆರೆದಿದೆ. ಅಂಬ್ರೋಸ್ ಅವರ ಅಸ್ಥಿ ಇರುವ ವ್ವೆದೆನ್ಸ್ಕಿ ಚರ್ಚೂ ಅಲ್ಲೇ ಇದೆ, ಹಾಗಾಗಿ ಸ್ಕಿತ್‌ನೊಳಗೆ ಬಿಡಲಿಲ್ಲ ಎಂದು ಬೇಜಾರಾಗುವ ಕಾರಣವಿಲ್ಲ. ಹೆಂಗಸರು ತಲೆಗೆ ವಸ್ತ್ರ ಕಟ್ಟಬೇಕು, ಪ್ಯಾಂಟ್ ಬದಲು ಉದ್ದ ಲಂಗ ಬೇಕು. ಸೀರೆಗೆ ಆ ತಾಪತ್ರಯವಿಲ್ಲ. ಅಡುಗೆಮನೆ, ತೋಟಗಳಲ್ಲಿ ದುಡಿಯುವವರೆಲ್ಲ ಸನ್ಯಾಸಿಗಳಲ್ಲ. ಊಟ, ವಸತಿಗೆ ಪ್ರತಿಯಾಗಿ ಸಂಬಳವಿಲ್ಲದೆ ದುಡಿಯುವ ತ್ರೂದ್ನಿಕ್‌ಗಳೂ ಇರುತ್ತಾರೆ. ಸನ್ಯಾಸ ಬಯಸುವವರೂ ಸಾಮಾನ್ಯವಾಗಿ ಅಲ್ಲಿಂದಲೇ ಶುರುಮಾಡಬೇಕು, ದೀಕ್ಷೆಗೆ ವರ್ಷಗಳೇ ಹಿಡಿಯುತ್ತವೆ.

ಜನ ಎಡವುವುದು ತಾರೀಕಿನಲ್ಲಿ. ಅಂಬ್ರೋಸ್ ಅವರ ದಿನ ಅಕ್ಟೋಬರ್ 10 ಎಂದು ಓದಿ ಅಂದೇ ಹೋದರೆ ಹಬ್ಬ ಸಿಗುವುದಿಲ್ಲ. ರಷ್ಯನ್ ಚರ್ಚಿನ ಹಳೆಯ ಪಂಚಾಂಗ 13 ದಿನ ಹಿಂದಿರುವುದರಿಂದ ನಮ್ಮ ಲೆಕ್ಕಕ್ಕೆ ಅದು 23. ಮರುದಿನವೇ ಆಪ್ಟಿನಾದ ಎಲ್ಲ ಹಿರಿಯರ ಹಬ್ಬ. ನೂಕುನುಗ್ಗಲು ಬೇಡ ಎನ್ನುವವರು ಆ ವಾರ ತಪ್ಪಿಸಿ ಹೋಗುವುದು ಮೇಲು.