ನಿಂತ್ರೆ ಹೋಗೋ ಎದೆ ಬಿಗಿತ ಗ್ಯಾಸ್ ಇರಬಹುದಾ ಡಾಕ್ಟ್ರೇ?

ಪ್ರಶ್ನೆ: ನನಗೆ 54 ವರ್ಷ. ಎರಡು ತಿಂಗಳಿಂದ ಎರಡನೇ ಮಹಡಿಗೆ ಹತ್ತೋವಾಗ ಎದೆ ಮಧ್ಯ ಬಿಗಿ ಹಿಡಿದ ಹಾಗಾಗತ್ತೆ, ಮೂರ್ನಾಲ್ಕು ನಿಮಿಷ ನಿಂತ್ರೆ ಸರಿಹೋಗತ್ತೆ. ನೋವು ಅಂತ ಹೇಳೋಕಾಗಲ್ಲ. ಇಸಿಜಿ ಮಾಡಿಸ್ದೆ, ನಾರ್ಮಲ್ ಬಂತು. ಗ್ಯಾಸ್ ಮಾತ್ರೆ ತಗೋತಾ ಇದೀನಿ, ಅಷ್ಟೇನೂ ಗುಣ ಕಾಣ್ತಿಲ್ಲ. ಇನ್ನೂ ಸ್ವಲ್ಪ ದಿನ ನೋಡ್ಲಾ?

ಉತ್ತರ: ಬೇಡ ಸಾರ್, ಈ ವಾರಾನೇ ಹೃದಯದ ಡಾಕ್ಟರ್ ಹತ್ರ ಹೋಗಿ. ಹತ್ತಿದ್ರೆ ಬರತ್ತೆ, ನಿಂತ್ರೆ ಹೋಗತ್ತೆ ಅಂತ ಬರ್ದಿದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಅದೇ. ಗ್ಯಾಸು, ಎದೆ ಉರಿ ಇವೆಲ್ಲ ಊಟ ಆದ್ಮೇಲೆ, ಮಲಗಿದಾಗ, ಬಗ್ಗಿದಾಗ ಬರೋದು ಜಾಸ್ತಿ, ಮೆಟ್ಟಿಲಿಗೂ ಅವಕ್ಕೂ ಸಂಬಂಧ ಕಮ್ಮಿ. ಹೃದಯಕ್ಕೇ ರಕ್ತ ಕೊಡೋ ನಾಳದೊಳಗೆ ಕೊಬ್ಬು ಕೂತು ದಾರಿ ಕಿರಿದಾಗಿದ್ರೆ ಸುಮ್ನೆ ಕೂತಾಗ ಬರೋ ರಕ್ತ ಹೇಗೋ ಸಾಕಾಗತ್ತೆ, ಹತ್ತೋಕೆ ಶುರು ಮಾಡಿದ ತಕ್ಷಣ ಹೃದಯ ಜೋರಾಗಿ ದುಡೀಬೇಕು, ಆಗ ಸಾಲಲ್ಲ, ಎದೆ ಹಿಡಿಯತ್ತೆ, ನಿಂತ್ಕೊಂಡ್ರೆ ಮತ್ತೆ ಸಾಕಾಗತ್ತೆ, ಬಿಡತ್ತೆ. ಇದಕ್ಕೆ ಆಂಜೈನಾ ಅಂತೀವಿ. ನಿಮ್ಮ ಇಸಿಜಿ ತೆಗೆದಿದ್ದು ನೀವು ಆರಾಮಾಗಿ ಮಲಗಿದ್ದಾಗ, ಅದಕ್ಕೇ ಅದು ನಾರ್ಮಲ್ ಇದ್ದಿರಬಹುದು. ನಿಮಗೆ ಬೇಕಾಗಿರೋದು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡೋ ಟಿಎಂಟಿ, ಹೃದಯದ ಸ್ಕ್ಯಾನ್ ಆದ ಎಕೋ, ಅಥವಾ ಹೃದಯದ ರಕ್ತನಾಳದ ಚಿತ್ರ ತೆಗೆಯೋ ಸಿಟಿ ಆಂಜಿಯೋಗ್ರಾಮ್, ಯಾವುದು ಅಂತ ಅಲ್ಲಿ ನೋಡಿ ಹೇಳ್ತಾರೆ.

ನೋವು ಅಂತ ಹೇಳೋಕಾಗಲ್ಲ ಅಂದ್ರಲ್ಲ, ಅದೂ ನಿಜವೇ, ಹೃದಯದ ತೊಂದರೆ ಇರೋರು ಎಷ್ಟೋ ಜನ ನೋವು ಅನ್ನೋ ಮಾತನ್ನೇ ಆಡಲ್ಲ. ಭಾರ, ಹಿಂಡಿದ ಹಾಗೆ, ಉರಿ, ಏನೋ ಒಂಥರಾ ಅಂತಾರೆ. ಎಲ್ಲಿ ತೋರಿಸಿ ಅಂದ್ರೆ ಒಂದು ಬೆರಳಲ್ಲಿ ಮುಟ್ಟಿ ತೋರಿಸಲ್ಲ, ಇಡೀ ಅಂಗೈಯನ್ನೋ ಮುಷ್ಟಿಯನ್ನೋ ಎದೆ ಮಧ್ಯಕ್ಕೆ ಇಡ್ತಾರೆ, ಆ ಕೈ ನೋಡಿದ್ರೇನೇ ನಾವು ಅರ್ಧ ಎಚ್ಚರ ಆಗ್ತೀವಿ. ಎಡಗೈ, ದವಡೆ, ಕುತ್ತಿಗೆ, ಬೆನ್ನು, ಹೊಟ್ಟೆ ಮೇಲ್ಭಾಗ ಎಲ್ಲಿಗೆ ಬೇಕಾದ್ರೂ ಹರಡಬಹುದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಎರಡು ಮಹಡಿ ಹತ್ತಿದ್ರೆ ಬರ್ತಿದ್ದದ್ದು ನಾಲ್ಕು ಹೆಜ್ಜೆಗೇ ಬರೋಕೆ ಶುರುವಾದ್ರೆ, ಸುಮ್ನೆ ಕೂತಾಗ ಬಂದ್ರೆ, ನಿಂತು ಐದು ನಿಮಿಷ ಆದ್ರೂ ಇಳೀದೇ ಇದ್ರೆ, ಜೊತೆಗೆ ತಣ್ಣನೆ ಬೆವರು, ವಾಕರಿಕೆ, ಉಸಿರು ಕಟ್ಟೋದು ಇದ್ರೆ ಅದು ಹಾರ್ಟ್ ಅಟ್ಯಾಕ್ ಅಂತಲೇ ತಿಳ್ಕೊಂಡು ಆಂಬುಲೆನ್ಸ್ ಕರೀರಿ, ನೀವೇ ಗಾಡಿ ಓಡಿಸ್ಕೊಂಡು ಹೋಗ್ಬೇಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ದೇ ಇದ್ರೆ 300 ಮಿಲಿಗ್ರಾಂ ಆಸ್ಪಿರಿನ್ ನುಂಗದೆ ಅಗಿದು ತಿನ್ನೋಕೆ ಹೇಳ್ತೀವಿ. ಆಸ್ಪತ್ರೆಯಲ್ಲಿ ಮೊದಲನೇ ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ಎದ್ದು ಬರಬಾರದು, ಕೆಲವು ಗಂಟೆ ಬಿಟ್ಟು ಇನ್ನೊಂದು ಇಸಿಜಿ, ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆ ಆಗೋವರೆಗೂ ಇರಿ.

ಪ್ರಶ್ನೆ: ಅಮ್ಮಂಗೆ 68, ಶುಗರ್ ಇದೆ, ಬಿಪಿ ಮಾತ್ರೆ ತಗೋತಾರೆ. ಮೊದಲು ಒಂದು ದಿಂಬು ಸಾಕಿತ್ತು, ಈಗ ಮೂರು ಬೇಕು. ರಾತ್ರಿ ಎದ್ದು ಕೂತ್ಕೋತಾರೆ. ಪಾದ ಊದ್ಕೊಳ್ಳತ್ತೆ. ಕೇಳಿದ್ರೆ ವಯಸ್ಸಾಯ್ತಲ್ಲ ಅಂತಾರೆ, ಎದೆನೋವು ಇಲ್ಲ ಅಂತಾನೂ ಹೇಳ್ತಾರೆ.

ಉತ್ತರ: ವಯಸ್ಸಾದ್ರೆ ದಿಂಬು ಜಾಸ್ತಿ ಬೇಕಾಗಲ್ಲಮ್ಮ. ಮಲಗಿದ ತಕ್ಷಣ ಕಾಲಲ್ಲಿದ್ದ ನೀರು ಮೇಲಕ್ಕೆ ಬರತ್ತೆ, ಹೃದಯಕ್ಕೆ ಅದನ್ನ ಮುಂದಕ್ಕೆ ತಳ್ಳೋ ಶಕ್ತಿ ಇಲ್ದೇ ಇದ್ರೆ ಶ್ವಾಸಕೋಶದಲ್ಲಿ ನಿಲ್ಲತ್ತೆ, ಅದಕ್ಕೇ ಅವರು ತಲೆ ಎತ್ತರಿಸ್ಕೊಳ್ಳೋದು, ನಡುರಾತ್ರಿ ಉಸಿರಿಗೆ ಎದ್ದು ಕೂರೋದು. ಹಾರ್ಟ್ ಫೇಲ್ಯೂರ್ ಅಂತ ಹೆಸರು, ಕೇಳಿ ಗಾಬರಿ ಆಗ್ಬೇಡಿ, ಹೃದಯ ನಿಂತುಹೋಗತ್ತೆ ಅಂತ ಅರ್ಥ ಅಲ್ಲ, ಪಂಪ್ ಮಾಡೋ ಕೆಲಸ ಸರಿಯಾಗಿ ಆಗ್ತಿಲ್ಲ ಅಂತ. ಔಷಧಿ ಚೆನ್ನಾಗಿ ಕೆಲಸ ಮಾಡತ್ತೆ.

ಮನೇಲೇ ನೋಡಿ, ಕಣಕಾಲಿನ ಮೇಲೆ ಮೂಳೆ ಹತ್ರ ಹೆಬ್ಬೆರಳಲ್ಲಿ ಹತ್ತು ಸೆಕೆಂಡ್ ಒತ್ತಿ ಬಿಡಿ, ಗುಳಿ ಹಾಗೇ ಉಳಿದ್ರೆ ಅಲ್ಲಿ ನೀರಿದೆ. ದಿನಾ ಬೆಳಿಗ್ಗೆ ತೂಕ ಬರ್ದಿಡಿ, ಎರಡು ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಅದು ಮೈಯಲ್ಲಿ ನಿಂತ ನೀರು. ಕಿಡ್ನಿ, ಲಿವರ್ ತೊಂದರೆಗೂ ಕಾಲು ಊದತ್ತೆ, ಆಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆಗೂ ಊದತ್ತೆ, ಹಾಗಂತ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ. ಮಲಗಿದ್ರೆ ಉಸಿರು ಕಟ್ಟತ್ತೆ ಅನ್ನೋದು ಜೊತೆಗಿರೋದ್ರಿಂದ ಎಕೋ ಆಗ್ಲೇಬೇಕು, ಇವತ್ತು ನಾಳೇಲೇ ಕರ್ಕೊಂಡು ಹೋಗಿ. ಎದೆನೋವು ಇಲ್ಲ ಅನ್ನೋದು ಶುಗರ್ ಇರೋರಲ್ಲಿ ಸಮಾಧಾನದ ಮಾತಲ್ಲ, ನರಗಳು ಮಂಕಾಗಿ ನೋವಿಲ್ದೇ ಅಟ್ಯಾಕ್ ಆಗಿಹೋಗಿರಬಹುದು, ಹೆಂಗಸರಲ್ಲಂತೂ ಬರೀ ಸುಸ್ತು, ಉಸಿರಾಟದ ಕಷ್ಟ ಅಷ್ಟೇ ಇರೋದೂ ಉಂಟು.

ಪ್ರಶ್ನೆ: 200 ಮೀಟರ್ ನಡೆದ್ರೆ ಬಲಗಾಲಿನ ಮೀನಖಂಡ ಹಿಡ್ಕೊಳ್ಳತ್ತೆ. ನಿಂತ್ರೆ ಹೋಗತ್ತೆ. 20 ವರ್ಷದಿಂದ ಸಿಗರೇಟ್ ಇದೆ. ನರದ ತೊಂದರೆನಾ?

ಉತ್ತರ: ಮೇಲಿನವರ ಎದೆಯಲ್ಲಿ ಆಗ್ತಿರೋದೇ ನಿಮ್ಮ ಕಾಲಲ್ಲಿ ಆಗ್ತಿರೋ ಹಾಗಿದೆ, ರಕ್ತನಾಳ ಕಿರಿದಾಗಿರೋದು. ಬೆನ್ನುಮೂಳೆಯಲ್ಲಿ ನರ ಒತ್ತಿದ್ರೆ ಬರೀ ನಿಂತ್ರೆ ಸಾಕಾಗಲ್ಲ, ಕೂರಬೇಕು ಇಲ್ಲಾ ಮುಂದಕ್ಕೆ ಬಗ್ಗಬೇಕು. ಪಾದ ಇನ್ನೊಂದಕ್ಕಿಂತ ತಣ್ಣಗಿದ್ಯಾ, ಕಾಲಿನ ಕೂದಲು ಉದುರಿದ್ಯಾ, ಬೆರಳಲ್ಲಿ ಮಾಯದ ಗಾಯ ಇದ್ಯಾ ನೋಡ್ಕೊಳ್ಳಿ. ಕೈಯಲ್ಲೂ ಕಾಲಲ್ಲೂ ಬಿಪಿ ನೋಡಿ ಹೋಲಿಸ್ತಾರೆ, ಕಾಲಿನ ಅಳತೆಯನ್ನ ಕೈಯದರಿಂದ ಭಾಗಿಸಿದ್ರೆ 0.9ಕ್ಕಿಂತ ಕಮ್ಮಿ ಬಂದ್ರೆ ನಾಳ ಕಟ್ಟಿದೆ ಅಂತ. ಕಾಲಲ್ಲಿ ಕಟ್ಟಿದ್ರೆ ಹೃದಯಕ್ಕೆ, ಮೆದುಳಿಗೆ ಹೋಗೋ ನಾಳಗಳಲ್ಲೂ ಇರೋ ಸಾಧ್ಯತೆ ಜಾಸ್ತಿ, ಸಿಗರೇಟ್ ಇವತ್ತೇ ಬಿಡಿ ದಯವಿಟ್ಟು. ಮತ್ತೆ, ಯಾರಿಗೇ ಆಗ್ಲಿ ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ಬಿಸಿಯಾಗಿ ನೋಯ್ತಿದ್ರೆ ಅದು ಬೇರೆ ವಿಷಯ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಾಕಿ ತಿಕ್ಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಪ್ಪಂಗೆ ಬಾಯಿ ಒಂದು ಕಡೆ ವಾಲಿ ಮಾತು ತೊದಲಿತು, ಹತ್ತು ನಿಮಿಷದಲ್ಲಿ ಪೂರ್ತಿ ಸರಿಹೋಯ್ತು. ಈಗ ಚೆನ್ನಾಗಿದಾರೆ, ಆದ್ರೂ ತೋರಿಸ್ಬೇಕಾ?

ಉತ್ತರ: ಇದಕ್ಕೆ ಪತ್ರಿಕೆ ಅಚ್ಚಾಗೋವರೆಗೆ ಕಾಯೋ ಹಾಗಿರ್ಲಿಲ್ಲ, ಅದಕ್ಕೇ ಪತ್ರ ನೋಡಿದ ದಿನಾನೇ ಅವರಿಗೆ ಫೋನ್ ಮಾಡಿ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಹೇಳಿದ್ವಿ. ತಾನಾಗೇ ಸರಿಹೋದ ಸ್ಟ್ರೋಕ್ ಅದು, ದೊಡ್ಡದು ಮುಂದಿನ ಕೆಲವೇ ದಿನದಲ್ಲಿ ಬರೋ ಅಪಾಯ ಇರತ್ತೆ. ಮುಖ ವಾಲೋದು, ಒಂದು ಕೈ ಎತ್ತೋಕಾಗದೇ ಇರೋದು, ಮಾತು ತೊದಲೋದು, ಮೂರರಲ್ಲಿ ಒಂದು ಕಂಡ್ರೂ ಗಡಿಯಾರ ನೋಡಿ, ತಕ್ಷಣ ಆಸ್ಪತ್ರೆಗೆ ಹೊರಡಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಅಷ್ಟೇ ಟೈಮು, ಅದೂ ಅವರು ಸರಿಯಾಗಿದ್ದದ್ದನ್ನ ಕೊನೇಲಿ ಯಾರಾದ್ರೂ ನೋಡಿದ ಹೊತ್ತಿಂದ ಲೆಕ್ಕ.

ಆಸ್ಪತ್ರೆಗೆ ಹೋದಾಗ ನಾಡಿ ಲಯದ ಬಗ್ಗೆನೂ ಕೇಳಿ ಅಂತ ಅವರಿಗೆ ಹೇಳಿದೀನಿ. ಬೇರೆಯವರೂ ಮನೇಲಿ ಹಿರಿಯರದ್ದು ನೋಡಬಹುದು, ಮಣಿಕಟ್ಟಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 60ರಿಂದ 100 ಒಳಗಿದ್ಯಾ ಅನ್ನೋದಷ್ಟೇ ಅಲ್ಲ, ಒಂದೇ ತಾಳದಲ್ಲಿ ಬಡಿಯತ್ತಾ ನೋಡಿ. ಒಂದು ಬೇಗ, ಒಂದು ತಡ, ಒಂದು ಜೋರು, ಒಂದು ಸಣ್ಣಗೆ ಅಂತ ಯಾವ ಲೆಕ್ಕಕ್ಕೂ ಸಿಗದ ಹಾಗೆ ಬಡೀತಿದ್ರೆ ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಅದಿದ್ದೋರಿಗೆ ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ ಕೊಟ್ರೆ ಅದು ತುಂಬಾ ಇಳಿಯತ್ತೆ. ಆ ತಾಳ ತಪ್ಪೋದು ಕೆಲವರಲ್ಲಿ ಬಂದು ಹೋಗಿ ಮಾಡತ್ತೆ, ಅದಕ್ಕೇ ಒಂದು ದಿನ ಸರಿ ಇತ್ತು ಅಂತ ಬಿಡ್ಬೇಡಿ, ಬೇರೆ ಬೇರೆ ಹೊತ್ತಲ್ಲಿ ನಾಲ್ಕೈದು ಸಲ ನೋಡಿ, ತಪ್ಪಿದ ಹೊತ್ತನ್ನ ಬರ್ದಿಟ್ಕೊಂಡು ಡಾಕ್ಟರ್‌ಗೆ ತೋರಿಸಿ.