ಡಿಡಿ ಬೇಡ, ಆರ್‌ಸಿಂಕ್ ಸಾಕು

2 ಟಿಬಿ ವಾಲ್ಯೂಮ್‌ನಲ್ಲಿರೋದನ್ನ (ಅಂದ್ರೆ ಡಿಸ್ಕ್‌ನಲ್ಲಿರೋ ಡೇಟಾವನ್ನ) 4 ಟಿಬಿಗೆ ಸಾಗಿಸೋಕೆ ಲಿನಕ್ಸ್‌ನ ನಕಲು ಕಮಾಂಡ್‌ಗಳಲ್ಲಿ ಡಿಡಿ (dd) ಸರಿಯಾ, ಫೈಲ್ ಫೈಲಾಗಿ ನಕಲು ಮಾಡೋ ಆರ್‌ಸಿಂಕ್ (rsync) ಸರಿಯಾ ಅಂತ ಕೇಳಿದ್ದೀರಿ, ಅರ್ಧದಷ್ಟು ಜಾಗ ಖಾಲಿ ಅಂತಲೂ ಹೇಳಿದ್ದೀರಿ. ಹಾಗಿದ್ರೆ ಆರ್‌ಸಿಂಕ್ ಹಿಡೀರಿ. ಡಿಡಿ ಫೈಲ್ ನೋಡಲ್ಲ, ಬ್ಲಾಕ್ (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡು) ನೋಡುತ್ತೆ. ಖಾಲಿ ಜಾಗವನ್ನೂ ಬಿಡದೆ ನಕಲು ಮಾಡುತ್ತೆ. ಮುಗಿದ ಮೇಲೂ ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನ ಜೋಡಿಸಿಡೋ ವ್ಯವಸ್ಥೆ) 2 ಟಿಬಿಯಷ್ಟೇ ಇರುತ್ತೆ, ನೀವೇ ಹಿಗ್ಗಿಸಬೇಕು. ಜೊತೆಗೆ ಹಳೇದು, ಹೊಸದು ಎರಡಕ್ಕೂ ಒಂದೇ ಯುಯುಐಡಿ (ಫೈಲ್‌ಸಿಸ್ಟಮ್ ಗುರುತಿಸೋ ಸಂಖ್ಯೆ), ಎರಡೂ ಜೋಡಿಸಿದ್ರೆ ಮೌಂಟ್ ಆಗುವಾಗ (ಬಳಕೆಗೆ ತೆರೆದುಕೊಳ್ಳುವಾಗ) ಗೊಂದಲ. ಮೌಂಟ್ ಆಗಿರೋ ವಾಲ್ಯೂಮ್ ಮೇಲಂತೂ ಡಿಡಿ ಓಡಿಸಲೇಬೇಡಿ.

ಆರ್‌ಸಿಂಕ್‌ನ ಆರ್ಕೈವ್ ಆಯ್ಕೆಯಲ್ಲೇ (-a) ಎಲ್ಲ ಬರುತ್ತೆ ಅಂತ ತುಂಬ ಜನ ನಂಬಿದ್ದಾರೆ. ಹಾರ್ಡ್‌ಲಿಂಕ್ (ಒಂದೇ ಫೈಲ್‌ಗೆ ಇರೋ ಹಲವು ಹೆಸರು), ಎಸಿಎಲ್ (ಯಾರಿಗೆ ಏನು ಅನುಮತಿ ಅನ್ನೋ ಪಟ್ಟಿ), ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲ್‌ಗೆ ಅಂಟಿಸಿರೋ ಹೆಚ್ಚುವರಿ ಮಾಹಿತಿ) ಅದರಲ್ಲಿ ಬರಲ್ಲ, ಬೇರೆಯಾಗಿ ಸೇರಿಸಬೇಕು. ಹಾರ್ಡ್‌ಲಿಂಕ್ ಬಳಸೋ ಬ್ಯಾಕಪ್ ಇದ್ದು ಇದನ್ನ ಮರೆತ್ರೆ, ಒಂದೊಂದು ಹೆಸರಿಗೂ ಬೇರೆ ನಕಲಾಗಿ 4 ಟಿಬಿಯೂ ಸಾಲದೆ ಹೋಗಬಹುದು! ಮೂಲ ಫೋಲ್ಡರ್ ಹೆಸರಿನ ಕೊನೆಯ ಸ್ಲ್ಯಾಶ್ ಕೂಡ ನೋಡ್ಕೊಳ್ಳಿ: ಇದ್ರೆ ಒಳಗಿನದ್ದು ಮಾತ್ರ ಹೋಗುತ್ತೆ, ಇಲ್ದಿದ್ರೆ ಫೋಲ್ಡರೇ ಹೋಗಿ ಕೂರುತ್ತೆ.

ಮೊದಲ ಸುತ್ತು ಕೆಲಸ ನಡೀತಿರುವಾಗಲೇ ಓಡಿಸಿ. ಆಮೇಲೆ ಆ ಡಿಸ್ಕ್‌ಗೆ ಬರೆಯೋ ಡೇಟಾಬೇಸ್ ಇದ್ರೆ ನಿಲ್ಲಿಸಿ, ಡಿಲೀಟ್ ಆಯ್ಕೆಯೊಂದಿಗೆ (ಮೂಲದಲ್ಲಿ ಇಲ್ಲದ್ದನ್ನ ಹೊಸದರಲ್ಲೂ ಅಳಿಸುತ್ತೆ) ಇನ್ನೊಂದು ಸುತ್ತು; ಬದಲಾದ ಫೈಲ್‌ಗಳಷ್ಟೇ ಹೋಗೋದ್ರಿಂದ ಬೇಗ ಮುಗಿಯುತ್ತೆ.

ಹಳೇ ಡಿಸ್ಕ್ ಓದುವಾಗ ಎರರ್ ಕೊಡ್ತಿದ್ರೆ ಮಾತ್ರ ಇದೆಲ್ಲ ಬಿಟ್ಟು, ಮೊದಲು ಡಿಡಿರೆಸ್ಕ್ಯೂನಿಂದ (ಕೆಟ್ಟ ಡಿಸ್ಕ್‌ನಿಂದ ಓದೋಕೆ ಆಗೋದನ್ನ ಉಳಿಸಿಕೊಳ್ಳೋ ಉಪಕರಣ) ಇಮೇಜ್ (ಡಿಸ್ಕ್‌ನ ಪೂರ್ತಿ ಪ್ರತಿ) ತೆಗೀರಿ.