ಗಂಗಾಳದ ಸುತ್ತ ಒಂದು ದಾರ

ಸುರಪುರದ ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ಬರೆದಿದ್ದಾರೆ: "ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈಗ ಏಳನೇ ಕ್ಲಾಸು. ಲೆಕ್ಕ ಅಂದ್ರೆ ಪ್ರಾಣ. ಆದರೆ ಮುಂದೆ ಗಣಿತ, ವಿಜ್ಞಾನ ಬಿಡಿಸಿ ಬೇರೆ ವಿಷಯ ಕೊಡಿಸಿ ಅಂತ ಎಲ್ಲರೂ ಹೇಳ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ:

ಅಕ್ಕಾ, ಬಿಡಿಸಬೇಡಿ.

ಕಲಬುರಗಿಯಲ್ಲಿ ನಾನು ಓದುವಾಗ ಕಣ್ಣು ಕಾಣದ ಗೆಳೆಯನೊಬ್ಬನಿದ್ದ. ಗಣಿತದ ಪಿರಿಯಡ್ ಬಂದರೆ ಅವನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕೂರಿಸುತ್ತಿದ್ದರು. ತೊಗರಿಯ ತೂಕ, ರೇಟು ಹೇಳಿದರೆ ನಮಗಿಂತ ಮೊದಲು ಬಾಯಲ್ಲೇ ದುಡ್ಡು ಹೇಳುತ್ತಿದ್ದವನು ಅವನು! ಇವತ್ತಿಗೂ ನನಗದು ಚುಚ್ಚುತ್ತದೆ.

ತೊಡಕಿರುವುದು ಮಗುವಿನ ತಲೆಯಲ್ಲಲ್ಲ, ನಾವು ಹೇಳುವ ರೀತಿಯಲ್ಲಿ. ಬೋರ್ಡಿನ ಮುಂದೆ ನಿಂತು "ಇದರಿಂದ ಇದನ್ನು ಕಳೆದರೆ ಇದು" ಅಂದರೆ ಅವಳಿಗೆ ಏನು ಸಿಕ್ಕಿತು? "ಎಕ್ಸ್ ಪ್ಲಸ್ ಒಂದು ಬೈ ಎರಡು" ಅಂತ ಓದಿದರೂ ಅಷ್ಟೇ. ಎಕ್ಸ್ 3 ಅಂದುಕೊಳ್ಳಿ. ಮೊದಲು ಕೂಡಿಸಿ ಆಮೇಲೆ ಭಾಗಿಸಿದರೆ 2. ಒಂದನ್ನು ಮಾತ್ರ ಭಾಗಿಸಿ ಆಮೇಲೆ ಕೂಡಿಸಿದರೆ ಮೂರೂವರೆ. ಕಣ್ಣಿದ್ದವರಿಗೆ ಭಾಗಿಸುವ ಗೆರೆ ಎಲ್ಲಿಂದ ಎಲ್ಲಿಯವರೆಗಿದೆ ಅಂತ ಕಾಣುತ್ತದೆ. ಅವಳಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು.

ಇದಕ್ಕೇ ಅಮೆರಿಕದ ಅಬ್ರಹಾಂ ನೆಮೆತ್ ಗಣಿತಕ್ಕೆಂದೇ ಬ್ರೈಲ್ (ಉಬ್ಬು ಚುಕ್ಕೆಗಳನ್ನು ಬೆರಳಿಂದ ಮುಟ್ಟಿ ಓದುವ ಲಿಪಿ) ಚಿಹ್ನೆಗಳನ್ನು ಕಟ್ಟಿದರು. 1952ರಲ್ಲಿ ಅದು ಪ್ರಕಟವಾಯಿತು. ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಅದರಲ್ಲಿ ಬೆರಳಿಗೇ ಗೊತ್ತಾಗುತ್ತದೆ. ನೆಮೆತ್ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಗಣಿತ ನಿನಗಲ್ಲ ಅಂತ ಅವರಿಗೂ ಹೇಳಿದ್ದರು, ಮೊದಲು ಮನಃಶಾಸ್ತ್ರ ಓದಿದರು. ಕೊನೆಗೆ ಗಣಿತದ ಪ್ರೊಫೆಸರೇ ಆದರು.

ಶಾಲೆಯಲ್ಲಿ ಟೇಲರ್ ಫ್ರೇಮ್ ಕೇಳಿ. ಎಂಟು ಮೂಲೆಯ ತೂತುಗಳಿರುವ ಹಲಗೆ ಅದು. ಸಣ್ಣ ಲೋಹದ ಮೊಳೆಯನ್ನು ಯಾವ ದಿಕ್ಕಿಗೆ ತಿರುಗಿಸಿ ಇಡುತ್ತೀರೋ ಅದರ ಮೇಲೆ ಅಂಕಿ ಬದಲಾಗುತ್ತದೆ. ಕೂಡುವುದು, ಕಳೆಯುವುದು ಎಲ್ಲ ಬೆರಳಲ್ಲೇ. ವಿಜ್ಞಾನಕ್ಕೆ ಮಾತಾಡುವ ಥರ್ಮಾಮೀಟರ್ ಕೂಡ ಇದೆ. ಪರೀಕ್ಷೆಗೆ ಬರೆದುಕೊಡುವವರು, ಜಾಸ್ತಿ ಸಮಯ ಸಿಗಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಸುಮ್ನೆ ಬೇಡುವುದಲ್ಲ, ಹಕ್ಕು.

ಸಲಕರಣೆ ಬರುವತನಕ ಕಾಯಬೇಡಿ. ಇವತ್ತು ರಾತ್ರಿ ಊಟದ ಗಂಗಾಳ ತೊಳೆದು ಅವಳ ಕೈಗೆ ಕೊಡಿ. ಅಂಚಿನ ಸುತ್ತ ದಾರ ಸುತ್ತಿ ಕತ್ತರಿಸಲಿ. ಅದೇ ದಾರವನ್ನು ಗಂಗಾಳದ ನಡುವೆ ಈ ಅಂಚಿನಿಂದ ಆ ಅಂಚಿಗೆ ಹಿಡಿದು ಅಳೆಯಲಿ. ಮೂರು ಸಲ ಆಗಿ ಸ್ವಲ್ಪ ಉಳಿಯುತ್ತದೆ. ಆಮೇಲೆ ಸಣ್ಣ ಬಟ್ಟಲು ಕೊಡಿ. ಅದರಲ್ಲೂ ಮೂರು ಸಲ, ಮತ್ತೆ ಸ್ವಲ್ಪ. ಅವಳು "ಯಾಕೆ?" ಅಂತ ಕೇಳಿಯೇ ಕೇಳುತ್ತಾಳೆ. ಸುತ್ತಳತೆ ಅಡ್ಡಳತೆಯ ಎಷ್ಟು ಪಟ್ಟು ಅಂತ ಹೇಳುವ ಸಂಖ್ಯೆಯೇ ಪೈ. ಅದರ ಪಾಠವನ್ನು ಅಲ್ಲಿಂದಲೇ ಶುರು ಮಾಡಲು ಮೇಷ್ಟ್ರಿಗೆ ಹೇಳಿ.

ಉಳಿದ ತುಂಡು ಎಷ್ಟಿತ್ತು ಅಂತ ಅವಳೇ ನಮಗೆ ಬರೆಯಲಿ. ಬ್ರೈಲ್‌ನಲ್ಲಿ ಬರೆದರೂ ನಡೆಯುತ್ತದೆ, ಓದಿಸಿಕೊಳ್ಳುತ್ತೇವೆ.